ಮಾಯಪ್ಪನ ಅಂಗಡಿಗೆ ಬಂದು ಹೋದವರು

ಸಪನಾ ಕೊಗನೊಳ್ಳಿಗೆ ಸೊಸೆಯಾಗಿ ಬಂದಾಗ ಅವಳ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ರಾಯಬಾಗ ಕಡೆಯ ಹುಡುಗಿ. ಬಿ.ಕಾಂ. ಮುಗಿಸಿ ಕೊಲ್ಹಾಪುರದ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಕಲಿತಿದ್ದಳು. ಮದುವೆಯಾದ ಮೇಲೆ ಅದೇ ಕೆಲಸವನ್ನು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಾಡತೊಡಗಿದಳು. ಗಂಡ ಸುರಜ ಕಾಗಲ್ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಅತ್ತೆ ಸುಂದರಾ, ಯಾರಾದರೂ ಸೊಸೆ ಏನು ಮಾಡುತ್ತಾಳೆ ಎಂದು ಕೇಳಿದರೆ, "ಮಂದಿ ಹೆಸರು ಮ್ಯಾಲೆ ಏರಸ್ತಾಳ" ಅನ್ನುತ್ತಿದ್ದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಅವರದು ನಮ್ಮ ಎದುರು ಮನೆ. ಸಂಜೆ ದೀಪ ಹಚ್ಚಿದ ಮೇಲೆ ಸಪನಾ ಸ್ವಲ್ಪ ಹೊತ್ತು ನಮ್ಮ ಕಟ್ಟೆಗೆ ಬಂದು ಕೂರುತ್ತಾಳೆ. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಅವಳು ಹಾಗೆ ಕೂತಾಗ ಹೇಳಿದ್ದು.

ಫೋನಿನಲ್ಲಿ ನಾವು ಏನಾದರೂ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಒಂದೆರಡು ಹೆಸರು ಬರುತ್ತವೆ. ಅದು ಜಾಹೀರಾತು ಎಂದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಹೆಸರು ಬರೀ ಕಣ್ಣಿಗೆ ಬಿದ್ದರೆ ಖರ್ಚಿಲ್ಲ. ಯಾರಾದರೂ ಅದನ್ನು ಒತ್ತಿ ಒಳಗೆ ಹೋದರೆ ಮಾತ್ರ, ಒತ್ತಿದ್ದಕ್ಕೆ ಇಷ್ಟು ಅಂತ ಅಂಗಡಿಯವನ ಹಣ ಕಡಿತವಾಗುತ್ತದೆ. ಒಳಗೆ ಹೋದವನು ಕೊಂಡರೂ ಅಷ್ಟೇ, ಸುಮ್ಮನೆ ನೋಡಿ ಹೊರಬಂದರೂ ಅಷ್ಟೇ. ಅವತ್ತಿಗೆಂದು ಇಟ್ಟ ಹಣ ತೀರಿದರೆ ಹೆಸರು ಅವತ್ತಿಗೆ ಮಾಯ. ಹೀಗಾಗಿ ಕೊಳ್ಳುವವನು ಒತ್ತಬೇಕು, ಕೊಳ್ಳದವನು ಒತ್ತಬಾರದು. ಈ ಕೆಲಸದ ಜಾಣತನವೆಲ್ಲ ಅಷ್ಟರಲ್ಲೇ ಇದೆ ಎನ್ನುತ್ತಾಳೆ ಸಪನಾ. ನಿಪ್ಪಾಣಿಯ ಒಬ್ಬ ಹಲ್ಲಿನ ಡಾಕ್ಟರರಿಗೆ ಅವಳು ಜಾಹೀರಾತು ಮಾಡಿಕೊಟ್ಟಾಗ, ಹಲ್ಲುನೋವಿಗೆ ಮನೆಮದ್ದು ಹುಡುಕುವವರ ಕಣ್ಣಿಗೆ ಅದು ಬೀಳದ ಹಾಗೆ ಮೊದಲು ತಡೆದಳಂತೆ. ಲವಂಗ ಇಟ್ಟುಕೊಳ್ಳುವವರು ಡಾಕ್ಟರರ ಹತ್ತಿರ ಬರುವುದಿಲ್ಲ ಎಂಬುದು ಅವಳ ಲೆಕ್ಕ.

ಅವಳ ಮಾವ ಮಾಯಪ್ಪ ಚಪ್ಪಲಿ ಮಾಡುವವರು. ತಳ ಕೊಯ್ಯುವುದು, ಬಡಿಯುವುದು, ಹೊಲಿಯುವುದು ಅವರ ಕೆಲಸ; ಮೇಲಿನ ಪಟ್ಟಿಯ ತೊಗಲಿನ ಜಡೆ ಹೆಣೆಯುವುದು ಸುಂದರಾ ಅವರದು. ಮಾಲು ತಯಾರಾದ ಮೇಲೆ ಕೊಲ್ಹಾಪುರದ ಭೂಪಾಲ ಶೇಠರ ಅಂಗಡಿಗೆ ಹೋಗುತ್ತದೆ. ಶೇಠರು ಕೆಟ್ಟವರಲ್ಲ, ಹಣ ನಿಲ್ಲಿಸಿದವರಲ್ಲ. ಆದರೆ ಚಪ್ಪಲಿಯ ತಳಕ್ಕೆ ಬೀಳುವ ಮುದ್ರೆ ಅವರ ಅಂಗಡಿಯದು.

ಒಮ್ಮೆ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಮಾಯಪ್ಪ ತಮ್ಮ ಕೈಯ ಜೋಡನ್ನು ಬೇರೊಬ್ಬರ ಕಾಲಿನಲ್ಲಿ ಕಂಡರು. ಜಡೆಯ ಕೊನೆಯನ್ನು ಸುಂದರಾ ಮುಚ್ಚುವ ರೀತಿಯೇ ಬೇರೆ. ನೋಡಿದ ಕೂಡಲೇ ಅವರಿಗೆ ತಿಳಿಯಿತು. ಚಪ್ಪಲಿ ಚಲೋ ಅದಾವು, ಎಲ್ಲಿ ತಗೊಂಡ್ರಿ ಎಂದು ಕೇಳಿದರು. ಆ ಮನುಷ್ಯ ಹೆಮ್ಮೆಯಿಂದ ಶೇಠರ ಅಂಗಡಿಯ ಹೆಸರು ಹೇಳಿ, ಅಂಥ ಕೈ ಈಗ ಯಾರಿಗೂ ಇಲ್ಲ ಎಂದ. ಮಾಯಪ್ಪ ಹೌದ್ರಿ ಎಂದು ಬಸ್ಸು ಹತ್ತಿದರು. ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದರಂತೆ. ಆದರೆ ಅದನ್ನು ಅವರು ಹೇಳಿದ್ದು ಒಂದೇ ಸಲವಲ್ಲ.

ಒಂದು ಮುಂಜಾನೆ ಅವರು ಸೊಸೆಯ ಹತ್ತಿರ ಬಂದು ನಿಂತು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಕೇಳಿದರು: "ಎಲ್ಲಾರ ಹೆಸರು ಏರಸ್ತಿ ಮಗಳ, ನಂದೊಂದು ಏರಸಾಕ ಬರಂಗಿಲ್ಲೇನ?"

ಆ ಮಾತಿಗೆ ಯಾವ ಸೊಸೆ ಇಲ್ಲ ಅಂದಾಳು? ಸಪನಾ ಎಲ್ಲ ಕೆಲಸ ಬದಿಗಿಟ್ಟು ಇದಕ್ಕೆ ಕೂತಳು. ಅಂಗಳದ ಬೆಳಕಿನಲ್ಲಿ ಒಂದೊಂದು ಜೋಡಿನ ಫೋಟೊ ತೆಗೆದಳು. ಕಾಲಿನ ಅಳತೆ ಹೇಗೆ ತೆಗೆದುಕೊಳ್ಳಬೇಕೆಂದು ಮರಾಠಿ, ಕನ್ನಡ, ಇಂಗ್ಲಿಷಿನಲ್ಲಿ ಬರೆದು ಒಂದು ಪುಟ ಮಾಡಿದಳು. ಯಾರಿಗೆ ಕಾಣಬೇಕೆಂದು ಯೋಚಿಸಿದಳು. ಕೊಲ್ಹಾಪುರಕ್ಕೆ ದೇವಿಯ ದರ್ಶನಕ್ಕೆಂದು ದೂರದೂರಿಂದ ಜನ ಬರುತ್ತಾರೆ. ದರ್ಶನ ಮುಗಿದ ಮೇಲೆ ಫೋನು ತೆಗೆದು ಒಳ್ಳೆಯ ಚಪ್ಪಲಿ ಎಲ್ಲಿ ಸಿಗುತ್ತದೆಂದು ಹುಡುಕುತ್ತಾರೆ. ಅವರೇ ನಮ್ಮ ಗಿರಾಕಿ ಎಂದುಕೊಂಡು ಕೊಲ್ಹಾಪುರ ಮತ್ತು ಸುತ್ತಲಿನ ಊರುಗಳನ್ನು ಗುರುತು ಹಾಕಿದಳು. ಕೊಲ್ಹಾಪುರದ ಮಿಸಳ ತಿಂಡಿ ಹುಡುಕುವವರನ್ನು, ಗುಡಿಯ ಮುಂದೆ ಚಪ್ಪಲಿ ಬಿಡುವ ಜಾಗ ಕೇಳುವವರನ್ನು, ಹಳೆಯ ಚಪ್ಪಲಿ ರಿಪೇರಿಯವರನ್ನು ದೂರ ಇಟ್ಟಳು. ಜಾಹೀರಾತಿನ ಮೊದಲ ಸಾಲಿನಲ್ಲಿ ಮಾಲಿನ ಹೆಸರು ಬರಬೇಕು, ಮಾಡಿದವನ ಹೆಸರಲ್ಲ, ಅದು ಈ ಕೆಲಸದ ಪದ್ಧತಿ. ಅಲ್ಲಿ ಮಾತ್ರ ಅವಳು ಪದ್ಧತಿ ಬಿಟ್ಟಳು. ಮೊದಲ ಸಾಲು "ಕೊಗನೊಳ್ಳಿಯ ಮಾಯಪ್ಪ" ಎಂದೇ ಆಯಿತು. ಸುರಜ ನಿಪ್ಪಾಣಿಯಲ್ಲಿ ಅಪ್ಪನ ಹೆಸರಿನ ಒಂದು ಹಿತ್ತಾಳೆ ಮುದ್ರೆ ಮಾಡಿಸಿ ತಂದ.

ಮೊದಲ ಸಲ ಫೋನಿನಲ್ಲಿ ತಮ್ಮ ಹೆಸರು ಕಂಡಾಗ ಮಾಯಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಫೋನು ತೆಗೆದುಕೊಂಡು ಭಜನೆಯ ಮಂದಿಯ ಹತ್ತಿರ ಹೋದರು.

ನಮ್ಮೂರಲ್ಲಿ ಒಂದು ರೂಢಿ ಇದೆ. ಯಾರಾದರೂ ಹೊಸ ಅಂಗಡಿ ಇಟ್ಟರೆ, ಅದರ ಮುಂದೆ ಹಾದುಹೋಗುವವರು ಒಂದು ಹೆಜ್ಜೆ ಒಳಗಿಟ್ಟೇ ಹೋಗಬೇಕು. ಏನೂ ಕೊಳ್ಳಬೇಕೆಂದಿಲ್ಲ. ಹೊರಗಿನಿಂದಲೇ ನೋಡಿ ಮುಂದೆ ನಡೆದರೆ ಅಂಗಡಿಗೆ ದೃಷ್ಟಿಯಾಗುತ್ತದೆ. ಒಳಗೆ ಬಂದು ಹೋದರೆ ಲಕ್ಷ್ಮಿ ನಿಲ್ಲುತ್ತಾಳೆ. ಕಿರಾಣಿ ಅಂಗಡಿಯಾಗಲಿ, ಹಿಟ್ಟಿನ ಗಿರಣಿಯಾಗಲಿ, ಮೊದಮೊದಲು ಎಲ್ಲರೂ ಹಾಗೆ ಬಂದು ಹೋಗುತ್ತಾರೆ. ಇದು ಒಳ್ಳೆಯ ರೂಢಿ ಎಂದೇ ನಾನು ಈಗಲೂ ತಿಳಿದಿದ್ದೇನೆ.

ಕೆಲವು ದಿನ ಕಳೆದ ಮೇಲೆ ಸಪನಾ ಲ್ಯಾಪ್‌ಟಾಪಿನಲ್ಲಿ ವರದಿ ತೆಗೆದು ನೋಡಿದಳು. ಅವಳಿಗೇ ನಂಬಿಕೆಯಾಗಲಿಲ್ಲ. ಬೆಳಕು ಹರಿಯುವ ಹೊತ್ತಿಗೇ ಜನ ಒತ್ತಿ ಒತ್ತಿ ಒಳಗೆ ಬಂದಿದ್ದರು. ಎಲ್ಲಿಯವರು ಎಂದು ನೋಡಿದರೆ ಕೊಲ್ಹಾಪುರ, ಕಾಗಲ್ ಎಂದಿತ್ತು. ಬಿಸಿಲೇರುವ ಮೊದಲೇ ಅಂದಿನ ಹಣ ಮುಗಿದಿತ್ತು. ಇನ್ನೂ ಯಾರೂ ಕೊಂಡಿರಲಿಲ್ಲ, ಆದರೆ ಮೊದಲು ನೋಡಿ ಹೋಗುವುದು, ಆಮೇಲೆ ಕೊಳ್ಳುವುದು ಎಲ್ಲ ಕಡೆ ಇದ್ದದ್ದೇ. ಊಟಕ್ಕೆ ಬಡಿಸುವಾಗ ಸಂತೋಷ ತಡೆಯಲಾರದೆ ಮಾವನಿಗೆ ಹೇಳಿಬಿಟ್ಟಳು.

"ಕೊಲ್ಹಾಪುರದವರ?" ಎಂದು ಕೇಳಿದರು ಮಾಯಪ್ಪ.

"ಹೌದ್ರಿ ಮಾಮಾ. ಮುಂಜಾನಿ ಎದ್ದ ಕೂಡ್ಲೆ ನಿಮ್ಮ ಚಪ್ಪಲಿನ ನೋಡಾಕತ್ತಾರ."

ಅವರು ಊಟ ಮುಗಿಸಿ, ಕೈ ಒರೆಸಿಕೊಂಡು, ಅಂಗಳಕ್ಕೆ ಹೋಗಿ ಭೂಪಾಲ ಶೇಠರಿಗೆ ಫೋನು ಮಾಡಿದರು. ಇನ್ನು ಮುಂದೆ ತಮ್ಮ ಮಾಲು ತಮ್ಮ ಹೆಸರಿನಲ್ಲೇ ಹೋಗುತ್ತದೆ, ತಪ್ಪು ತಿಳಿಯಬೇಡಿ ಎಂದರು. ಶೇಠರು ಚಲೋ ಆತು ಬಿಡಪಾ ಎಂದರಂತೆ. ಸಪನಾಗೆ ಇದು ತಿಳಿದದ್ದು ಮರುದಿನ, ಅತ್ತೆಯ ಬಾಯಿಂದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹಾಗೇ ಕೂತಳು. ಶೇಠರ ದಾರಿ ಮುಚ್ಚಿದ ಮೇಲೆ ಆ ಮನೆಯ ಚಪ್ಪಲಿಗೆ ಈಗ ಅವಳ ಜಾಹೀರಾತೊಂದೇ ದಾರಿ.

ನಡುವೆ ಒಂದು ಗಿರಾಕಿ ಬಂದದ್ದು ನಿಜ. ಪುಣೆಯ ಒಬ್ಬ ಹೆಂಗಸು ಕೊಲ್ಹಾಪುರಕ್ಕೆ ದರ್ಶನಕ್ಕೆ ಬಂದವಳು, ಅಲ್ಲಿಂದಲೇ ಹುಡುಕಿ ಫೋನು ಮಾಡಿ ಒಂದು ಜೋಡು ಬೇಕೆಂದಳು. ಮಾಯಪ್ಪ ತಮ್ಮ ಹಿತ್ತಾಳೆ ಮುದ್ರೆಯನ್ನು ತಳಕ್ಕೆ ಇಟ್ಟು ಒಂದೇ ಪೆಟ್ಟು ಹಾಕಿದರು. ಆ ಜೋಡನ್ನು ತೋರಿಸಲು ನಮ್ಮ ಮನೆಗೂ ತಂದಿದ್ದರು. ಆ ಹೆಂಗಸು ಆಮೇಲೆ ಮತ್ತೆ ಫೋನು ಮಾಡಿ, ಚಪ್ಪಲಿ ಕಾಲಿಗೆ ಒಂದು ಚೂರೂ ಕಚ್ಚಲಿಲ್ಲ ಎಂದು ಹೇಳಿದಳು. ಅವಳು ಹುಡುಕಿದ ದಿನ ನಮ್ಮೂರವರು ಮುಕ್ಕಾಲು ಪಾಲು ಹತ್ತಿರದ ಭೋಜ ಎಂಬ ಹಳ್ಳಿಯಲ್ಲಿ ಒಂದು ಮದುವೆಗೆ ಹೋಗಿ, ಅಕ್ಷತೆ ಊಟದ ಗಡಿಬಿಡಿಯಲ್ಲಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಆಗ ಸಪನಾಗೆ ಹೊಳೆಯಲಿಲ್ಲ.

ಹೊಳೆದದ್ದು ಲಕ್ಷ್ಮಿಬಾಯಿಯ ಮನೆಯ ಅರಿಷಿಣ ಕುಂಕುಮಕ್ಕೆ ಹೋದಾಗ. ಲಕ್ಷ್ಮಿಬಾಯಿ ನಮ್ಮ ಓಣಿಯ ಹಿರಿಯಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಕುಂಕುಮ ಹಚ್ಚುತ್ತಾ ಎಲ್ಲರ ಮುಂದೆ ಸಪನಾಳನ್ನು ಕೆಣಕಿದಳು.

"ಏನವಾ ಸಪನಾ, ನಾವು ದಿನಾ ನಿಮ್ಮ ಅಂಗಡಿಗೆ ಬಂದು ಹೋಗತೀವಿ, ನೀ ಒಂದ ದಿನಾನೂ ಚಾ ಕುಡೀರಿ ಅನಲಿಲ್ಲ."

ಎಲ್ಲರೂ ನಕ್ಕರು. ಸಪನಾ ಕೂಡ ನಕ್ಕು, ಯಾವ ಅಂಗಡಿ ಮಾವಶಿ ಎಂದಳು. ಲಕ್ಷ್ಮಿಬಾಯಿ ಸೊಂಟದಿಂದ ಫೋನು ತೆಗೆದು, ಬಾಯಿಯ ಹತ್ತಿರ ಹಿಡಿದು, ದೂರದವರನ್ನು ಕರೆಯುವ ದನಿಯಲ್ಲಿ "ಕೊಲ್ಹಾಪುರಿ ಚಪ್ಪಲ್" ಎಂದಳು. ಮಾಯಪ್ಪನ ಹೆಸರು ಮೇಲೆ ಬಂತು. ಅವಳು ಅದನ್ನು ಒತ್ತಿದಳು, ಹಣೆಗೆ ಮುಟ್ಟಿಸಿಕೊಂಡಳು, ಮುಚ್ಚಿದಳು. ಮಾಯಪ್ಪ ಕಲಿಸಿಕೊಟ್ಟಾನ ಎಂದಳು. ಪಕ್ಕದವಳು, ನಮ್ಮವರು ಮೊದ್ಲ ಡೇರಿಗೆ ಹಾಲು ಹಾಕಿ ಬರತಾರ, ಆಮ್ಯಾಲ ನಿಮ್ಮ ಅಂಗಡಿಗೆ ಹೋಗತಾರ ಎಂದಳು. ಇನ್ನೊಬ್ಬಳು ತವರುಮನೆಗೂ ಹೇಳಿದ್ದಾಳೆ. ಅವರೂ ಬಿಡದೆ ಬರುತ್ತಾರೆ. ಭಜನೆಯವರಂತೂ ಮಂಗಳಾರತಿ ಆದ ಕೂಡಲೇ ಎಲ್ಲರೂ ಒಟ್ಟಿಗೆ.

ನಮ್ಮದು ಗಡಿಯ ಊರು. ತಪಾಸಣೆಯ ನಾಕಾ ದಾಟಿದರೆ ಮಹಾರಾಷ್ಟ್ರ. ಅಡುಗೆಮನೆಯಲ್ಲಿ ಕೂತಿದ್ದಾಗಲೇ ಫೋನಿಗೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತದೆ. ಆಚೆಯ ಟವರು ಹಿಡಿದ ಫೋನುಗಳನ್ನು ಜಾಹೀರಾತಿನ ಯಂತ್ರ ಆಚೆಯವರೆಂದೇ ಬರೆದುಕೊಂಡಿತ್ತು. ವರದಿಯಲ್ಲಿ ಕೊಲ್ಹಾಪುರದವರು ಎಂದು ಬಂದವರೆಲ್ಲ ಇದೇ ಕೋಣೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುತ್ತಾ ಕೂತಿದ್ದರು. ಇವರು ಮದುವೆಗೆ ಹೋಗಿದ್ದ ದಿನ ಮಾತ್ರ ಹಣ ಉಳಿದು, ಪುಣೆಯ ಹೆಂಗಸಿಗೆ ಹೆಸರು ಕಂಡಿತ್ತು. ಇದು ತನಗೆ ಮೊದಲೇ ತಿಳಿಯಬೇಕಿತ್ತು ಎಂದು ಸಪನಾ ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದಾಳೆ. ಆ ದಿನ ಅವಳು ಉಡಿಯಲ್ಲಿ ಹಾಕಿದ್ದನ್ನು ಹಿಡಿದುಕೊಂಡು, ಚಹಾ ಕುಡಿದು, ಎಲ್ಲರ ಕಾಲಿಗೆ ನಮಸ್ಕಾರ ಮಾಡಿ ಮನೆಗೆ ಬಂದಳು. ಅಲ್ಲಿ ಅವರಿಗೆ ಏನೆಂದು ಹೇಳುವುದು? ನಮ್ಮ ಅಂಗಡಿಗೆ ಬರಬೇಡಿ ಎಂದೇ?

ಆ ಮಾತನ್ನು ಸುರಜ ಹೇಳಿ ನೋಡಿದ. ಭಜನೆಯ ಹಿರಿಯರು ಜ್ಞಾನದೇವ. ಅವರು ಹೇಳಿದರೆ ಊರು ಕೇಳುತ್ತದೆ. ಸುರಜ ಅವರ ಮನೆಗೆ ಹೋಗಿ, ಕಾಕಾ, ಮುಂಜಾನೆ ಫೋನಿನಲ್ಲಿ ನಮ್ಮ ಹೆಸರು ಒತ್ತುವುದು ಬೇಡ, ನೋಡಿದರೆ ಸಾಕು ಎಂದು ಮೆತ್ತಗೆ ಹೇಳಿದ. ಜ್ಞಾನದೇವ ಕನ್ನಡಕ ತೆಗೆದು ಕೇಳಿದರು.

"ಅಂದ್ರ ನಮ್ಮ ಕಾಲ್ಗುಣ ಚಲೋ ಇಲ್ಲಂತೇನ್ ತಮ್ಮಾ?"

ಹಂಗಲ್ರಿ ಕಾಕಾ ಎಂದು ಸುರಜ ಅವರ ಕಾಲು ಮುಟ್ಟಿದ. ನೀವು ಬಂದರೆ ನಮಗೆ ಖರ್ಚು ಎಂದು ಹಿರಿಯರಿಗೆ ಹೇಳುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ. ಜ್ಞಾನದೇವರೂ ಅವನ ಸಂಕೋಚವನ್ನು ಬೇರೆಯಾಗಿ ತಿಳಿದರು. ಹುಡುಗರಿಗೆ ಊರವರ ಋಣ ಭಾರವಾಗಿದೆ, ಅದಕ್ಕೇ ಹೀಗನ್ನುತ್ತಾರೆ ಎಂದು ಭಜನೆಯಲ್ಲಿ ಹೇಳಿದರು. ಮರುದಿನದಿಂದ, ಅಲ್ಲಿಯವರೆಗೆ ಸುಮ್ಮನಿದ್ದವರೂ ಬರತೊಡಗಿದರು.

ಸಪನಾ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದಳು. ಕೊಳ್ಳದವರು ಹುಡುಕುವ ಮಾತುಗಳನ್ನು ತಡೆಯಬಹುದು. ಆದರೆ ಊರವರು ಹೇಳುತ್ತಿದ್ದದ್ದು ಗಿರಾಕಿ ಹೇಳುವ ಮಾತುಗಳನ್ನೇ. ಕೊಗನೊಳ್ಳಿಯನ್ನು ಗುರುತು ಹಾಕಿ ತೆಗೆದಳು. ಟವರು ಆಚೆಯದಾದ್ದರಿಂದ ಏನೂ ಬದಲಾಗಲಿಲ್ಲ. ಕೊಲ್ಹಾಪುರವನ್ನೇ ತೆಗೆದರೆ ದರ್ಶನಕ್ಕೆ ಬಂದವರೆಲ್ಲ ಹೋಗುತ್ತಾರೆ. ಮುಂಜಾನೆ ಬಿಟ್ಟು ಮಧ್ಯಾಹ್ನಕ್ಕೆ ಮಾತ್ರ ಹೆಸರು ಕಾಣುವಂತೆ ಇಟ್ಟಳು. ಮುಂಜಾನೆ ಹೆಸರು ಕಾಣದೆ ಮಾಯಪ್ಪ ಗಾಬರಿಯಾಗಿ ಬಂದು ಕೇಳಿದರು. ಮಧ್ಯಾಹ್ನ ಬರತೈತ್ರಿ ಎಂದು ಅವಳು ಹೇಳಬೇಕಾಯಿತು. ಅವರು ಅದನ್ನು ಎಲ್ಲರಿಗೂ ತಿಳಿಸಿದರು. ಊರು ಊಟ ಮುಗಿಸಿಕೊಂಡು ಬರತೊಡಗಿತು.

ಕೊನೆಗೆ ಎಲ್ಲ ಬಿಟ್ಟು ಪುಣೆಯೊಂದಕ್ಕೇ ಜಾಹೀರಾತು ತಿರುಗಿಸಿದಳು. ಅಲ್ಲಿ ದೊಡ್ಡ ದೊಡ್ಡ ಕಂಪನಿಗಳು ಅದೇ ಮಾತಿಗೆ ಹೆಚ್ಚು ಹೆಚ್ಚು ಕೊಡಲು ನಿಂತಿದ್ದವು. ಅವುಗಳ ನಡುವೆ ಮಾಯಪ್ಪನ ಹೆಸರು ಒಮ್ಮೆ ಕಂಡು ಮುಳುಗಿಹೋಯಿತು. ಇತ್ತ ಊರಲ್ಲಿ ಹೆಸರು ಕಾಣದಾಯಿತು. ಮಾಯಪ್ಪ ಕೆಲಸಕ್ಕೆ ಕೂತರೂ ಅಂದು ಒಂದು ತಳವನ್ನೂ ಕೊಯ್ಯಲಿಲ್ಲ. ಸಂಜೆ ಸುಂದರಾ ಸೊಸೆಗೆ, "ಅವರು ಉಂಡಿಲ್ಲ ನೋಡವಾ" ಎಂದರು. ಸಪನಾ ಮತ್ತೆ ಮೊದಲಿನಂತೆ ಮಾಡಿದಳು.

ಜಾಹೀರಾತು ಕಂಪನಿಯ ಸಹಾಯದ ನಂಬರಿಗೂ ಫೋನು ಮಾಡಿದಳು. ಎಲ್ಲಿಯವಳೋ ಒಬ್ಬ ಹುಡುಗಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ನಮ್ಮ ಊರಿನವರು ಪ್ರೀತಿಯಿಂದ ಒತ್ತುತ್ತಾರೆ, ಅವರಿಗೆ ತೋರಿಸಬೇಡಿ ಎಂದು ಸಪನಾ ಹೇಳಿದಳು. ಆ ಹುಡುಗಿಗೆ ಅದು ತಿಳಿಯಲಿಲ್ಲ. ನಿಮ್ಮ ಜಾಹೀರಾತು ಬಹಳ ಚೆನ್ನಾಗಿ ನಡೆಯುತ್ತಿದೆ, ಜನ ಮತ್ತೆ ಮತ್ತೆ ಬರುತ್ತಿದ್ದಾರೆ, ದಿನದ ಹಣ ಹೆಚ್ಚಿಸಿ ಎಂದಳು. ಯಂತ್ರವೂ ಹಾಗೆಯೇ ತಿಳಿದುಕೊಂಡಿತ್ತು. ಯಾರು ಹೆಚ್ಚು ಒತ್ತುತ್ತಾರೋ ಅಂಥವರನ್ನೇ ಅದು ಹುಡುಕಿ ಹುಡುಕಿ ತೋರಿಸುತ್ತದೆ. ಈ ಚಪ್ಪಲಿಯ ಮೇಲೆ ನಿಜವಾದ ಆಸೆ ಇರುವವರು ಯಾರೆಂದು ಅದು ಕಲಿತಿತ್ತು. ಭೋಜದಲ್ಲಿ, ಸುತ್ತಲ ಹಳ್ಳಿಗಳಲ್ಲಿ, ನಮ್ಮ ಬೀಗರು ಬಿಜ್ಜರ ಮನೆಗಳಲ್ಲಿ ಈಗ ಮಾಯಪ್ಪನ ಹೆಸರು ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಎಲ್ಲರೂ ಅಭಿಮಾನದಿಂದ ಒಂದು ಹೆಜ್ಜೆ ಒಳಗಿಟ್ಟು ಹೋಗುತ್ತಿದ್ದರು.

ಇತ್ತ ತಯಾರಾದ ಜೋಡುಗಳು ಗೋಡೆಯ ಬದಿಗೆ ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಮಾಯಪ್ಪನ ಮುದ್ರೆ ಬಿದ್ದಿತ್ತು. ಮಳೆಗಾಲ ಹತ್ತಿರ ಬಂದಿತ್ತು. ಮಳೆಯಲ್ಲಿ ಆ ಚಪ್ಪಲಿಯನ್ನು ಯಾರೂ ಮೆಟ್ಟುವುದಿಲ್ಲ.

ಸಪನಾ ಮಾವನ ಹತ್ತಿರ ಹೋಗಿ ಕೂತಳು. ಅವರು ತಳ ಬಡಿಯುತ್ತಿದ್ದರು. ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಟವರಿನದೂ, ಒತ್ತಿದರೆ ಏನಾಗುತ್ತದೆಂಬುದೂ. ಅವರು ಬಡಿಯುವುದನ್ನು ನಿಲ್ಲಿಸಿ ಕೇಳಿದರು.

"ಹಂಗಾರ ಕೊಲ್ಹಾಪುರದವರು ಯಾರೂ ಬಂದಿಲ್ಲೇನ?"

"ಒಬ್ಬಿಬ್ಬರು ಬಂದಿರಬಹುದ್ರಿ. ಗೊತ್ತಾಗಂಗಿಲ್ರಿ ಮಾಮಾ."

"ಉಳದವರೆಲ್ಲಾ ನಮ್ಮವರ?"

"ಹೌದ್ರಿ."

ಸಪನಾ, ತಾನೇ ಭಜನೆಗೆ ಬಂದು ಎಲ್ಲರಿಗೂ ಕೈಮುಗಿದು ತಿಳಿಸಿ ಹೇಳುತ್ತೇನೆ ಎಂದಳು. ಅವರು ಬೇಡವೆಂದು ತಲೆಯಾಡಿಸಿದರು.

"ಬಾಗಲಕ್ಕ ಬಂದವರಿಗೆ ಬರಬ್ಯಾಡ್ರಿ ಅಂತ ಹೆಂಗ ಹೇಳೂದವಾ. ಅವರ ಮನಿ ಹಾಲು, ಅವರ ಮನಿ ಜ್ವಾಳಾ ಉಂಡು ಬೆಳದಾವ ನಾ." ಆಮೇಲೆ, "ಬಂದ್ ಮಾಡ್ಬಿಡು" ಎಂದು ಸುತ್ತಿಗೆ ಎತ್ತಿಕೊಂಡರು.

ಅವಳು ಬಂದ್ ಮಾಡಿದಳು. ಒಂದೇ ಒತ್ತು, ಅಷ್ಟೇ. ಅದಕ್ಕೆ ಖರ್ಚಿಲ್ಲ.

ಮುಂದಿನ ರವಿವಾರ ಸುರಜ ಅಪ್ಪನನ್ನು ಬೈಕಿನಲ್ಲಿ ಕೊಲ್ಹಾಪುರಕ್ಕೆ ಕರೆದೊಯ್ದ. ಭೂಪಾಲ ಶೇಠರು ಕೂರಿಸಿ ಚಹಾ ಕೊಟ್ಟರಂತೆ. ಒಂದು ಚುಚ್ಚುಮಾತನ್ನೂ ಆಡಲಿಲ್ಲ. ಮಾಲು ತಂದು ಹಾಕು, ಆದರೆ ನಿನ್ನ ಮುದ್ರೆ ಇದ್ದ ಜೋಡು ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ ಎಂದರು. ಮಾಯಪ್ಪ ಮನೆಗೆ ಬಂದು, ಗೋಡೆಯ ಬದಿಯ ಜೋಡುಗಳನ್ನು ಒಂದೊಂದಾಗಿ ತೆಗೆದುಕೊಂಡು, ತಳದ ಮೇಲಿನ ಹೆಸರನ್ನು ಉಜ್ಜಲು ಕೂತರು. ತೊಗಲಿಗೆ ಬಿದ್ದ ಮುದ್ರೆ ಪೂರ್ತಿ ಹೋಗುವುದಿಲ್ಲ. ಮೇಲೆ ಇನ್ನೊಂದು ತೆಳುವಾದ ತೊಗಲು ಅಂಟಿಸಬೇಕು. ಸುಂದರಾ ಅಂಟು ಕಲಸಿಕೊಟ್ಟರು. ಸಪನಾ ತೊಗಲು ಕತ್ತರಿಸಿಕೊಟ್ಟಳು. ನಾನು ಎದುರಿನ ಕಟ್ಟೆಯಲ್ಲಿ ಕೂತಿದ್ದೆ. ದೇವರೇ, ಇವರಲ್ಲಿ ಯಾರದು ತಪ್ಪು ಎಂದು ಕೇಳಿದರೆ ನೀನಾದರೂ ಏನು ಹೇಳುತ್ತೀ ಎಂದುಕೊಂಡೆ.

ಆ ಕೆಲಸ ಇನ್ನೂ ಮುಗಿದಿರಲಿಲ್ಲ, ಜ್ಞಾನದೇವ, ಲಕ್ಷ್ಮಿಬಾಯಿ, ಭಜನೆಯ ನಾಲ್ಕು ಮಂದಿ ಒಟ್ಟಿಗೆ ಬಂದರು. ಮಾಯಪ್ಪ ಕೈಯಲ್ಲಿದ್ದ ಜೋಡನ್ನು ಗೋಣಿಯ ಕೆಳಗೆ ಸರಿಸಿ, ಬರ್ರಿ ಬರ್ರಿ ಎಂದು ಚಾಪೆ ಹಾಸಿದರು. ಅವರ ಮುಖಗಳಲ್ಲಿ ಕಳವಳ ಇತ್ತು. ಫೋನಿನಲ್ಲಿ ಹೆಸರು ಕಾಣುತ್ತಿಲ್ಲ, ಏನಾಯಿತು ಎಂದು ಕೇಳಿದರು. ಕಂಪನಿಯವರು ಮೋಸ ಮಾಡಿದ್ದರೆ ನಿಪ್ಪಾಣಿಗೆ ಹೋಗಿ ಕೇಳೋಣ, ಊರೆಲ್ಲ ಬರುತ್ತದೆ ಎಂದರು ಜ್ಞಾನದೇವ.

ಸಪನಾ ಒಳಗೆ ಚಹಾಕ್ಕೆ ಇಟ್ಟಿದ್ದಳು. ಮಾವ ಏನು ಹೇಳುತ್ತಾರೋ ಎಂದು ಒಲೆ ಸಣ್ಣ ಮಾಡಿ ಕಿವಿಗೊಟ್ಟಳು.

"ಮೋಸಾ ಏನಿಲ್ರಿ," ಎಂದರು ಮಾಯಪ್ಪ. "ಮಂದಿ ಭಾಳ ಬಂದ್ರು. ಕೊಲ್ಹಾಪುರ, ಪುಣೆ, ಎಲ್ಲೆಲ್ಲಿಂದೋ. ಅಷ್ಟ ಮಾಲು ಕೊಡೂದು ಈ ವಯಸ್ಸಿನ್ಯಾಗ ನನ್ನ ಕಡಿಂದ ಆಗಲಿಲ್ಲ. ಸೊಸಿಗೆ ನಾನ ಹೇಳ್ದೆ, ಸಾಕವಾ, ಬಂದ್ ಮಾಡಂತ."

ಹೊರಗೆ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಜ್ಞಾನದೇವ ತೊಡೆ ತಟ್ಟಿಕೊಂಡು ನಕ್ಕರು. ಲಕ್ಷ್ಮಿಬಾಯಿ ಕಣ್ಣು ಒರೆಸಿಕೊಂಡು, ನಾವು ದಿನಾ ಬಂದದ್ದಕ್ಕೂ ದೇವರು ಕಣ್ಣು ತೆರೆದ ಎಂದಳು. ಸಪನಾ ಚಹಾದ ತಾಟು ಹಿಡಿದು ಹೊರಗೆ ಬಂದಳು. ಒಬ್ಬೊಬ್ಬರೂ ಬಸಿ ತೆಗೆದುಕೊಂಡು ಅವಳನ್ನು ಹೊಗಳಿದರು. ಇಂಥ ಸೊಸೆ ಎಲ್ಲ ಮನೆಗೂ ಸಿಗಲಿ ಎಂದರು. ಲಕ್ಷ್ಮಿಬಾಯಿ ಅವಳ ಗದ್ದ ಹಿಡಿದು ಮುಖ ಮೇಲೆತ್ತಲು ನೋಡಿದಳು. ಸಪನಾ ಮೇಲೆತ್ತಲಿಲ್ಲ. ಹುಡುಗಿಗೆ ನಾಚಿಕೆ ಎಂದುಕೊಂಡು ಎಲ್ಲರೂ ಮತ್ತಷ್ಟು ನಕ್ಕರು.